ಇಪ್ಪತ್ನಾಲ್ಕು ಮಂದಿಯ ಬಿಡುಗಡೆ

ಕಿಡ್ನಿ ತಜ್ಞೆ ಡಾಕ್ಟರಮ್ಮ ಒಂಬತ್ತು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದರು: ಸಕ್ಕರೆ ಕಾಯಿಲೆ ಕಿಡ್ನಿಗೆ ಕೈ ಹಾಕುವ ಮೊದಲ ಸುಳಿವನ್ನು ಮೂತ್ರದಲ್ಲಿ ಹಿಡಿಯಬಹುದೇ? ಒಂಬತ್ತು ವರ್ಷವೇ ಹೊರತು, ಆಸ್ಪತ್ರೆಯ ವಾರ್ಷಿಕ ವರದಿ ಉಡಾಫೆಯಿಂದ ಬರೆದಂತೆ 'ಸುಮಾರು ಆರು' ಅಲ್ಲ. ಆರೋಗ್ಯವಾಗಿಯೇ ಕಾಣುತ್ತಿದ್ದ ಅರವತ್ತೊಂದು ಮಧುಮೇಹಿಗಳಲ್ಲಿ ಒಂದು ಪ್ರೋಟೀನು ಸೋರುವುದನ್ನು ಕಂಡರು, ಪ್ರಬಂಧ ಅಚ್ಚಾಯಿತು. ಆ ಅರವತ್ತೊಂದು ಮಂದಿ ತಿಂಗಳಿಗೊಮ್ಮೆ ದಿಣ್ಣೆಯ ಮೇಲಿನ ಆಸ್ಪತ್ರೆಗೆ ಬಂದು, ಮೂತ್ರ ಕೊಟ್ಟು, ಅವರ ಕೋಣೆಯಲ್ಲಿ ಒಂದಿಷ್ಟು ಹರಟೆ ಹೊಡೆದು ಹೋಗುತ್ತಿದ್ದರು. ಮದುವೆಯಾಗದ, ಅಣ್ಣನೊಡನೆ ಮಾತು ಬಿಟ್ಟ ಡಾಕ್ಟರಮ್ಮನಿಗೆ ನೆಂಟರಿಷ್ಟರೆಂದರೆ ಅವರೇ.

ಅವರಲ್ಲೊಬ್ಬರು ನಿವೃತ್ತ ಡ್ರಿಲ್ ಮೇಷ್ಟ್ರು. ಒಂದು ಬೆಳಗ್ಗೆ ಕುಂಟುತ್ತಾ ಬಂದರು. ಅವರ ಮೂತ್ರದ ಪ್ರೋಟೀನಿನ ಅಂಕಿ ಅಂದು ಮೊದಲ ಬಾರಿಗೆ ಸರಿಯಾಗಿತ್ತು.

"ಏನಮ್ಮಾ, ಕಾಲು ಉಳುಕಿದ್ರೆ ಕಿಡ್ನಿ ವಾಸಿಯಾಗುತ್ತಾ? ಮೊದ್ಲೇ ಹೇಳಿದ್ರೆ ಎರಡೂ ಉಳುಕಿಸ್ಕೊಳ್ತಿದ್ದೆ!"

"ಇವತ್ತು ಹೇಗೆ ಬಂದ್ರಿ ಮೇಷ್ಟ್ರೇ?"

"ಬಸ್ಸಲ್ಲಿ. ಬೇರೆ ದಿನ ಓಡ್ಕೊಂಡೇ ಹತ್ತೋದು. ಯಾಕೆ?"

ಮೈ ದಣಿದಾಗಲೂ ಪ್ರೋಟೀನು ತುಸು ಹೊತ್ತು ಸೋರಬಹುದೆಂದು ಅವರು ಬಲ್ಲರು. ಆದರೆ ಹೇಗೆ ಬಂದಿರೆಂದು ಅದುವರೆಗೆ ಒಬ್ಬರನ್ನೂ ಕೇಳಿರಲಿಲ್ಲ. ಹಾಸಿಗೆಯಿಂದೆದ್ದ ಕೂಡಲೇ ಮನೆಯಲ್ಲೇ ಮೂತ್ರ ಹಿಡಿದು ತರುವಂತೆ ಎಲ್ಲರಿಗೂ ಹೇಳಿ, ಮೂರು ಮೂರು ಬಾರಿ ಪರೀಕ್ಷಿಸಿದರು. ಇಪ್ಪತ್ನಾಲ್ಕು ಮಂದಿಗೆ ಏನೂ ಇರಲಿಲ್ಲ. ಅವರೆಲ್ಲ ದಿಣ್ಣೆಯನ್ನು ನಡೆದೋ ಓಡಿಯೋ ಹತ್ತುತ್ತಿದ್ದವರು.

"ಸುಮ್ನಿದ್ಬಿಡಿ," ಎಂದರು ವಿಭಾಗದ ಮುಖ್ಯಸ್ಥರು. "ಯಾರು ಬಂದು ಕೇಳ್ತಾರೆ? ನಿಮ್ಮ ಜೊತೆ ನಮ್ಮ ಮಾನಾನೂ ಹರಾಜು ಹಾಕ್ಬೇಡಿ."

"ಇಲ್ಲದ ಕಾಯಿಲೆಗೆ ಹೆದರ್ಕೊಂಡು ಕೂತಿದಾರಲ್ಲ ಸರ್ ಅವ್ರು."

ಅಂದೇ ಪ್ರಬಂಧವನ್ನು ಹಿಂತೆಗೆದುಕೊಳ್ಳುವ ಪತ್ರ ಬರೆದರು. ಇದನ್ನು ಅವಮಾನವೆಂದು ಆಡಿಕೊಂಡ ಮಹನೀಯರಲ್ಲಿ, ತನ್ನ ತಪ್ಪನ್ನು ತಾನೇ ಪತ್ತೆಮಾಡಿ ಸಾರಿದವರು ಒಬ್ಬರಾದರೂ ಇದ್ದರೇ? ಇರಲಿಲ್ಲ. ಆದರೂ ಆಸ್ಪತ್ರೆಯಲ್ಲಿ ಊಟಕ್ಕೆ ಕೂತರೆ ಡಾಕ್ಟರಮ್ಮನ ಅಕ್ಕಪಕ್ಕದ ಕುರ್ಚಿಗಳು ಖಾಲಿ.

ಇಪ್ಪತ್ನಾಲ್ಕು ಮಂದಿಗೂ ತಾವೇ ಫೋನು ಮಾಡಿದರು. ಕೆಲವರು ಅತ್ತರು. ಒಬ್ಬಾಕೆ, "ನಾಲ್ಕು ವರ್ಷ ನಿದ್ದೆ ಕೆಡಿಸಿದ್ರಲ್ರೀ!" ಎಂದು ಬೈದರು, ಡಾಕ್ಟರಮ್ಮ ಕ್ಷಮೆ ಕೇಳಿದರು. ಕೊನೆಯ ಕರೆ ಮೇಷ್ಟ್ರಿಗೆ.

"ಹಾಗಾದ್ರೆ ಮುಂದಿನ ತಿಂಗ್ಳು ಬರೋದು ಬೇಡ್ವಾ?"

"ಬೇಡ. ಸಕ್ಕರೆ ಮಾತ್ರ ನಿಮ್ಮ ಮನೆ ಹತ್ರದ ಡಾಕ್ಟರಿಗೆ ತೋರಿಸ್ತಾ ಇರಿ."

"ಅಬ್ಬಾ, ಗೆದ್ದೆ! ಇನ್ನು ನಿಮ್ಮ ಮುಖ ನೋಡೋ ಕರ್ಮ ಇಲ್ಲ ಅನ್ನಿ!"

ಮೇಷ್ಟ್ರು ಗಹಗಹಿಸಿ ನಕ್ಕು ಫೋನಿಟ್ಟರು. ಸಂತೋಷಪಡಬೇಕಾದ ಸಂಗತಿ; ಡಾಕ್ಟರಮ್ಮ ಪಟ್ಟರು ಕೂಡ. ಆ ದಿನ ಉಳಿದ ಮೂವತ್ತೇಳು ಮಂದಿಯಲ್ಲಿ ಯಾರ ಸರದಿಯೂ ಇರಲಿಲ್ಲ; ಮಧ್ಯಾಹ್ನ ಅವರ ಕೋಣೆಗೆ ಯಾರೂ ಬರಲಿಲ್ಲ. ಬರಬೇಕಾದವರೂ ಯಾರೂ ಇರಲಿಲ್ಲ.