ವಾರಗಿತ್ತಿಯ ಮೊಳಕೆಕಾಳು

ಟೇಲರಕ್ಕನಿಗೆ ಬೀದಿಯಲ್ಲೆಲ್ಲ ಒಳ್ಳೆಯ ಹೆಸರಿತ್ತು. ಟೇಪು ಹಿಡಿಯದೆ, ಎದುರಿಗೆ ನಿಂತವಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿಯೇ ಬಟ್ಟೆ ಕತ್ತರಿಸುತ್ತಾಳೆ ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು. ಅದು ಸುಳ್ಳು, ಟೇಪು ಹಿಡಿಯುತ್ತಿದ್ದಳು. ಆದರೆ ಅಂಥ ಸುಳ್ಳನ್ನು ಯಾರು ತಾನೆ ತಿದ್ದುತ್ತಾರೆ? ಹೊರಗೆ ಇಷ್ಟು ಮರ್ಯಾದೆ ಇದ್ದವಳಿಗೆ ಮನೆಯೊಳಗೆ ಒಂದೇ ಒಂದು ಮಾತಿನ ಹಸಿವು. ಅತ್ತೆಯ ಬಾಯಿಂದ ‘ಚೆನ್ನಾಗಿದೆ’ ಅನ್ನಿಸಿಕೊಳ್ಳಬೇಕು. ಮದುವೆಯಾಗಿ ಬಂದಾಗಿನಿಂದ ಬೇಯಿಸಿ ಬಡಿಸಿದ್ದಾಳೆ. ಅತ್ತೆ ಉಣ್ಣುತ್ತಾರೆ, ಕೈ ತೊಳೆಯುತ್ತಾರೆ, ಎದ್ದು ಹೋಗುತ್ತಾರೆ. ಉಪ್ಪು ಹೆಚ್ಚಾದ ದಿನ ಮಾತ್ರ ಬಾಯಿ ಬಿಡುತ್ತಾರೆ.

ಹೋಗಲಿ, ಅವರ ಸ್ವಭಾವವೇ ಅಷ್ಟು ಎಂದು ಸಮಾಧಾನ ಮಾಡಿಕೊಂಡಿದ್ದಳು. ಆಗ ಮೈದುನನ ಹೆಂಡತಿ ಬಂದಳು.

ಚಿಕ್ಕವಳು ಬಂದ ವಾರದಲ್ಲೇ ಹೆಸರುಕಾಳು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಮೊಳೆಗೆ ನೇತುಹಾಕಿದಳು. ಮೊಳಕೆ ಬಂದ ಮೇಲೆ ಹಸಿಯಾಗಿಯೇ ಬಟ್ಟಲಿಗೆ ಹಾಕಿ, ಉಪ್ಪು ಉದುರಿಸಿ, ನಿಂಬೆಹಣ್ಣು ಹಿಂಡಿ ಕೊಟ್ಟಳು. ಅತ್ತೆ ನಿಧಾನವಾಗಿ ಅಗಿದರು.

“ಚೆನ್ನಾಗಿದೆ ಕಣಮ್ಮ,” ಅಂದರು.

ಟೇಲರಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಒಲೆ ಹಚ್ಚಿಲ್ಲ, ಬೆವರು ಸುರಿಸಿಲ್ಲ. ಕಾಳು ತಾನಾಗಿ ಬಾಲ ಬಿಟ್ಟುಕೊಂಡಿದೆ, ಹೊಗಳಿಕೆ ಮಾತ್ರ ಇವಳಿಗೆ! ಸಾಲದ್ದಕ್ಕೆ ಚಿಕ್ಕವಳು ಮುಂದಿನ ಕೋಣೆಯಲ್ಲಿ ಕೂತು ಹುಕ್ಕು ಹೊಲಿಯುವಾಗ ಬಟ್ಟೆ ಕೊಡಲು ಬಂದವರೂ ಕಾಳಿನ ವಿಚಾರವನ್ನೇ ಕೇಳತೊಡಗಿದರು. ಟೇಲರಕ್ಕ ಮಿಷನ್ನನ್ನು ಜೋರಾಗಿ ತುಳಿದಳು, ಅವರ ಮಾತು ಕೇಳಿಸದಿರಲಿ ಅಂತ. ಎರಡು ಸಲ ದಾರ ತುಂಡಾಯಿತು.

ಗಂಡಸರಿಬ್ಬರೂ ಲಾರಿ ಓಡಿಸುವವರು, ಮನೆಯಲ್ಲಿರುವುದೇ ಅಪರೂಪ. ಹಾಗಾಗಿ ಈ ಉರಿಯನ್ನು ಯಾರ ಮುಂದೆ ತೋಡಿಕೊಳ್ಳುವುದು? ಕೊನೆಗೆ ಅವಳೇ ಒಂದು ಉಪಾಯ ಮಾಡಿದಳು. ಹೆಸರುಕಾಳು ಅಂದರೆ ಎಷ್ಟು ಮಾತ್ರದ್ದು? ಅಂಗಡಿಯಿಂದ ರಾಜ್ಮಾ ತಂದಳು, ಕೆಂಪಗೆ, ದಪ್ಪಗೆ, ನೋಡಿದರೆ ಕಣ್ಣು ತುಂಬುವಂಥದ್ದು. ಹೆಸರುಕಾಳನ್ನೂ ಮೊದಲೆಲ್ಲ ಬೇಯಿಸಿಯೇ ತಿನ್ನುತ್ತಿದ್ದೆವು, ಮೊಳಕೆ ಬಂತು ಅಂತ ಹಸಿಯಾಗಿ ತಿಂದರೆ ಏನಾಯಿತು? ಇದಕ್ಕೂ ಅದೇ ಲೆಕ್ಕ ಅಂದುಕೊಂಡಳು. ಯಾರಿಗೂ ಕಾಣದಂತೆ ಲೈನಿಂಗ್ ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ ಕತ್ತರಿಸುವ ಮೇಜಿನ ಕೆಳಗಿಟ್ಟಳು. ಮೊಳಕೆ ಬೇಗ ಬರಲೆಂದು ಇಸ್ತ್ರಿ ಮಾಡಿದಾಗಲೆಲ್ಲ ಬಿಸಿ ಪೆಟ್ಟಿಗೆಯನ್ನು ಅದರ ಪಕ್ಕಕ್ಕೇ ಇಡುತ್ತಿದ್ದಳು.

ಭಾನುವಾರ ಮಧ್ಯಾಹ್ನ ಮೂರು ಬಟ್ಟಲು ಬಂದವು. ಅತ್ತೆ ಒಂದು ಕಾಳನ್ನು ಕಚ್ಚಿ ನೋಡಿ, ಅಂಗೈಗೆ ತೆಗೆದುಕೊಂಡರು.

“ನನ್ನ ಹಲ್ಲಿಗೆ ಆಗಲ್ಲಮ್ಮ ಇದು,” ಎಂದು ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

ಟೇಲರಕ್ಕ ತನ್ನ ಬಟ್ಟಲನ್ನು ಮುಟ್ಟಲೇ ಇಲ್ಲ. ಚಿಕ್ಕವಳು ಮಾತ್ರ ತನ್ನ ಪಾಲನ್ನು ತಿಂದು ಮುಗಿಸಿ, ಅತ್ತೆಯ ಬಟ್ಟಲಿಗೂ ಕೈಹಾಕಿದಳು.

“ಚೆನ್ನಾಗಿದೆ ಅಕ್ಕ.”

ಬೇಕಾದ ಮಾತೇ ಬಂತು, ಬೇಡದ ಬಾಯಿಂದ. ಬೇಕಂತಲೇ ಆಡಿಕೊಳ್ಳುತ್ತಿದ್ದಾಳೆ ಎಂದು ಟೇಲರಕ್ಕ ಹಲ್ಲು ಕಚ್ಚಿದಳು.

ಸಂಜೆಯಾಗುವ ಮೊದಲೇ ಚಿಕ್ಕವಳು ಬಚ್ಚಲು ಸೇರಿದಳು. ವಾಂತಿ ನಿಲ್ಲಲಿಲ್ಲ, ಆಮೇಲೆ ಭೇದಿಯೂ ಶುರುವಾಯಿತು. ಅತ್ತೆ ಬೆನ್ನು ನೀವುತ್ತಾ “ಕಂದಾ, ಕಂದಾ” ಅನ್ನುತ್ತಿದ್ದರು. ಟೇಲರಕ್ಕನಿಗೆ ಭಯವಾಯಿತು. ಆ ಭಯದ ನಡುವೆಯೂ, ತಾನು ಜ್ವರ ಬಂದು ಮಲಗಿದಾಗ ಇವರು ಒಮ್ಮೆಯೂ ಕಂದಾ ಅನ್ನಲಿಲ್ಲವಲ್ಲ ಎಂಬ ಯೋಚನೆ ಬಂತು. ನಾಚಿಕೆಗೆಟ್ಟ ಮನಸ್ಸು, ಏನು ಮಾಡುವುದು!

ಆಟೋದಲ್ಲಿ ಮೂವರೂ ಡಾಕ್ಟರ ಹತ್ತಿರ ಹೋದರು. ಡಾಕ್ಟರಮ್ಮ ಡ್ರಿಪ್ ಹಾಕಿಸಿ, ತಿಂದದ್ದೇನು ಎಂದು ಕೇಳಿ ತಿಳಿದು ಹಣೆ ಚಚ್ಚಿಕೊಂಡರು.

“ರಾಜ್ಮಾನ ಹಸಿಯಾಗಿ ತಿಂತಾರೇನ್ರಮ್ಮ? ಅದರಲ್ಲಿ ವಿಷದ ಅಂಶ ಇರುತ್ತೆ. ಮೊಳಕೆ ಬಂದ್ರೂ ಹೋಗಲ್ಲ. ರಾತ್ರಿಯೆಲ್ಲ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಲ್ಲಿ ಹತ್ತು ನಿಮಿಷಕ್ಕೆ ಕಮ್ಮಿ ಇಲ್ಲದ ಹಾಗೆ ಕೊತಕೊತ ಕುದಿಸಬೇಕು. ಆಮೇಲೆ ಮೆತ್ತಗಾಗೋವರೆಗೂ ಬೇಯಿಸಿ.”

“ಹೆಸರುಕಾಳು ಡಾಕ್ಟ್ರೇ?” ಎಂದು ಟೇಲರಕ್ಕ ತಟ್ಟನೆ ಕೇಳಿದಳು.

“ಅದರಲ್ಲಿ ಈ ತೊಂದರೆ ಇಲ್ಲ. ಆದ್ರೆ ಮೊಳಕೆ ಬರಿಸೋ ಬೆಚ್ಚಗಿನ ಒದ್ದೆ ಬಟ್ಟೆ ಇದೆಯಲ್ಲ, ರೋಗದ ಕ್ರಿಮಿಗಳು ಬೆಳೆಯೋಕೂ ಅದೇ ಬೇಕು. ತೊಳೆದ್ರೂ ಪೂರ್ತಿ ಹೋಗಲ್ಲ. ವಯಸ್ಸಾದವರು, ಮಕ್ಕಳು, ಬಸುರಿಯರು ಬೇಯಿಸಿಯೇ ತಿನ್ನಬೇಕು.”

“ಅಂದ್ರೆ ಅದನ್ನೂ ಹಸಿಯಾಗಿ ತಿನ್ನಬಾರದು ಅನ್ನಿ,” ಎಂದು ಅತ್ತೆಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು. ಡಾಕ್ಟರಮ್ಮ ಹೂಂ ಅಂದರು. ಅತ್ತೆಗೆ ಕೇಳಿಸಿತೋ ಇಲ್ಲವೋ, ಅವರು ಚಿಕ್ಕವಳ ಪಾದ ಉಜ್ಜುತ್ತಿದ್ದರು.

ವಾಪಸು ಬರುವಾಗ ಅತ್ತೆ ಆಟೋದ ಮೂಲೆಗೊರಗಿ ತೂಕಡಿಸಿದರು. ಚಿಕ್ಕವಳು ಟೇಲರಕ್ಕನ ಭುಜಕ್ಕೆ ತಲೆಯಿಟ್ಟಳು.

“ಮೊದಲ ತುತ್ತಿಗೇ ಗೊತ್ತಾಯ್ತಕ್ಕ, ಇದು ನುಂಗೋ ಹಾಗಿಲ್ಲ ಅಂತ.”

“ಮತ್ತೆ ಯಾಕೆ ತಿಂದೆ? ಅತ್ತೇದೂ ಯಾಕೆ ತಗೊಂಡೆ?”

“ಅವರು ಬಟ್ಟಲು ಸರಿಸಿದಾಗ ನಿಮ್ಮ ಮುಖ ನೋಡಕ್ಕಾಗಲಿಲ್ಲ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ತಿರುಗಿ ಬೈಯಬಹುದಿತ್ತು. ಈ ಹುಡುಗಿಯ ಕೈರುಚಿಯ ಮೇಲಿದ್ದ ಹೊಟ್ಟೆಕಿಚ್ಚು ಈಗ ಅವಳ ಮನಸ್ಸಿನ ಮೇಲೂ ಹುಟ್ಟಿತು. ಅವಳ ಜಾಗದಲ್ಲಿ ತಾನಿದ್ದಿದ್ದರೆ ಒಂದು ಕಾಳನ್ನೂ ನುಂಗುತ್ತಿರಲಿಲ್ಲ ಎಂದು ಟೇಲರಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಚಿಕ್ಕವಳು ಎದ್ದು ಓಡಾಡುವಂತಾದ ಮೇಲೆ ಒಂದು ದಿನ ಟೇಲರಕ್ಕ ತಾನೇ ಹೆಸರುಕಾಳು ನೆನೆಸಿ ಮೊಳಕೆ ಬರಿಸಿದಳು. ಮೆತ್ತಗಾಗುವಷ್ಟು ಬೇಯಿಸಿ, ಈರುಳ್ಳಿ ಬಾಡಿಸಿ ಹಾಕಿ, ಬಿಸಿಬಿಸಿಯಾಗಿ ಅತ್ತೆಯ ಮುಂದಿಟ್ಟಳು. ಅತ್ತೆ ಬಟ್ಟಲು ಖಾಲಿ ಮಾಡಿ, ತಳವನ್ನು ಬೆರಳಿನಿಂದ ಬಳಿದರು.

“ಚೆನ್ನಾಗಿದೆ,” ಅಂದರು. ಟೇಲರಕ್ಕ ಒಂದು ಹೆಜ್ಜೆ ಹತ್ತಿರ ಬಂದಳು. ಅತ್ತೆ ಕಾಳಿನ ಗಂಟು ನೇತುಹಾಕುವ ಮೊಳೆಯ ಕಡೆ ನೋಡಿದರು. “ಚಿಕ್ಕವಳು ಮಾಡಿದ್ದಾ?”

ಬಾಗಿಲಲ್ಲಿ ನಿಂತಿದ್ದ ಚಿಕ್ಕವಳು ಬಾಯಿ ತೆರೆದಳು. ಟೇಲರಕ್ಕ ಅವಳಿಗಿಂತ ಮುಂಚೆಯೇ ಹೇಳಿಬಿಟ್ಟಳು.

“ಹೂಂ ಅತ್ತೆ, ಅವಳೇ ಮಾಡಿದ್ದು.”

ಹೇಳಿ, ಖಾಲಿ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಹೊಟ್ಟೆ ಧಗಧಗ ಉರಿಯುತ್ತಿತ್ತು. ನಲ್ಲಿಯ ಕೆಳಗೆ ಆ ಬಟ್ಟಲನ್ನು ಎಷ್ಟೋ ಹೊತ್ತು ತಿಕ್ಕಿದಳು.