ಭಾವನವರು ತಂದ ರೊಟ್ಟಿ

ನಿಮ್ಮ ಮುತ್ಯಾನ, ಅಂದರೆ ನನ್ನ ಗಂಡನ, ದವಡೆಯಲ್ಲಿ ಕ್ಯಾನ್ಸರ್ ಆಗಿತ್ತು. ನಾವಿಬ್ಬರೂ ಶಹಾಬಾದಿನಿಂದ ದಿನಾ ರೈಲಿನಲ್ಲಿ ಕಲಬುರಗಿಯ ಆಸ್ಪತ್ರೆಗೆ ಹೋಗಿ ಕರೆಂಟ್ ಕೊಡಿಸಿಕೊಂಡು ಬರುತ್ತಿದ್ದೆವು. ರೇಡಿಯೇಶನ್ನಿಗೆ ನಮ್ಮ ಕಡೆ ಹಾಗೇ ಅನ್ನುವುದು. ಮುಖದ ಅಳತೆಗೆ ಮಾಡಿದ ಜಾಳಿಗೆಯಂಥ ಮುಖವಾಡ ತೊಡಿಸಿ, ಹಲಗೆಗೆ ಬಿಗಿದು ಮಲಗಿಸುತ್ತಿದ್ದರು.

ಅರ್ಧ ಚಿಕಿತ್ಸೆ ಮುಗಿಯುವಷ್ಟರಲ್ಲಿ ಬಾಯಿತುಂಬ ಹುಣ್ಣು. ಕೊರಳಿನ ಚರ್ಮ ಸುಟ್ಟ ಬದನೆಕಾಯಿಯಂತಾಯಿತು. ಉಗುಳು ನುಂಗಿದರೂ ಅವರ ಕಾಲ್ಬೆರಳು ಮಡಚಿಕೊಳ್ಳುತ್ತಿದ್ದವು. ಡಾಕ್ಟರಮ್ಮ ಕೇಳಿದರೆ ಮಾತ್ರ, "ಏನಿಲ್ರಿ, ಆರಾಮ ಇದ್ದೀನಿ." ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸಿದ ಮನುಷ್ಯ, ನೋವೆಂದು ಬಾಯಿಬಿಡುವವರಲ್ಲ.

ತೂಕ ಇಳಿದರೆ ಮುಖವಾಡ ಸಡಿಲಾಗುತ್ತದೆ, ಚಿಕಿತ್ಸೆ ನಡುವೆ ಬಿಟ್ಟರೆ ಗಡ್ಡೆ ಮತ್ತೆ ಏಳುತ್ತದೆ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ನಾನು ಜೋಳದ ಅಂಬಲಿಯನ್ನು ತೆಳ್ಳಗೆ ಮಾಡಿ, ಆರಿಸಿ, ಚಮಚೆಯಿಂದ ಕುಡಿಸುತ್ತಿದ್ದೆ.

ಒಂದು ಭಾನುವಾರ ಮುತ್ಯಾನ ಅಣ್ಣ, ನನಗೆ ಭಾವ, ಚಿಂಚೋಳಿ ಕಡೆಯಿಂದ ನೋಡಲು ಬಂದರು. ಬುತ್ತಿಯಲ್ಲಿ ಒಣಗಿಸಿ ಗಟ್ಟಿಯಾದ ಕಟಕ ರೊಟ್ಟಿ, ಖಾರದ ಶೇಂಗಾ ಹಿಂಡಿ. ರೋಗಿಗೆಂದು ಹಿರಿಯರು ತಂದ ಬುತ್ತಿಯನ್ನು ಅವರ ಕಣ್ಣೆದುರೇ ಒಂದು ತುತ್ತಾದರೂ ತಿನ್ನಬೇಕು ಅನ್ನುವುದು ನಮ್ಮ ಕಡೆಯ ರೀತಿ.

"ಅಂಬಲಿ ಕುಡದು ಯಾಂವ ಬದುಕ್ಯಾನೋ? ನೀಯೇನ್ ಬಾಣಂತಿ ಏನು? ತಗೋ, ನಿಮ್ಮ ವೈನಿ ಬಡದ ರೊಟ್ಟಿ," ಎಂದು ಭಾವನವರು ಹೆಂಡತಿ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದರು.

ಮುತ್ಯಾ ರೊಟ್ಟಿ ಮುರಿದು ಬಾಯಿಗಿಟ್ಟರು. ಕಣ್ಣಿಂದ ನೀರು ಇಳಿಯತೊಡಗಿತು. ಆದರೂ ಅಗಿಯುತ್ತಲೇ ಇದ್ದರು.

"ನೋಡು, ಖಾರ ಹತ್ತಿತು! ನಾಲಗಿಗಿ ರುಚಿ ತಿಳದದ!" ಭಾವನವರು ತೊಡೆ ಬಡಿದು ಹಿಗ್ಗಿದರು. ನಾನು ಬಾಗಿಲ ಮರೆಯಲ್ಲಿ ಸೆರಗು ಕಚ್ಚಿ ನಿಂತಿದ್ದೆ. ಗಂಡನ ಅಣ್ಣನೆದುರು ಬಾಯಿಬಿಡುವ ರೂಢಿಯಿಲ್ಲ; ಮದುವೆಯಾದಂದಿನಿಂದ ಭಾವನವರೆದುರು ಒಂದು ಮಾತೂ ಆಡಿದವಳಲ್ಲ. ಹಿತ್ತಲಿಗೆ ಹೋಗಿ ಮುತ್ಯಾ ಉಗುಳಿದಾಗ ಬಂದದ್ದು ರಕ್ತ.

ಮರುದಿನ ಭಾವನವರೂ ನಮ್ಮ ಜೊತೆ ಹೊರಟರು. ರೈಲಿನಲ್ಲಿ ಮುತ್ಯಾ ನನ್ನ ಕಿವಿಯ ಹತ್ತಿರ ಬಾಗಿ, "ಇವತ್ತೇ ಕಡೀದು. ನಾಳಿಂದ ನಾ ಬರಂಗಿಲ್ಲ" ಅಂದರು.

"ನೋವು ಹೆಂಗದ್ರಿ?" ಡಾಕ್ಟರಮ್ಮ ಕೇಳಿದರು.

"ಏನಿಲ್ರಿ."

"ನಿನ್ನಿ ರೊಟ್ಟಿ ತಿಂದಾನ್ರೀ, ಹುಲಿ ಹಂಗ," ಎಂದರು ಭಾವನವರು.

ಡಾಕ್ಟರಮ್ಮ ತಲೆಯಾಡಿಸಿ ಮುಂದಿನವರನ್ನು ಕರೆಯುವುದರಲ್ಲಿದ್ದರು.

"ಸುಳ್ಳರಿ ಅದು." ಆ ದನಿ ನನ್ನದೇ. "ಉಗುಳು ನುಂಗಾಕೂ ಆಗವಲ್ದು. ನಿನ್ನಿ ರಕ್ತ ಉಗುಳ್ಯಾರ. ನಾಳಿಂದ ಬರಂಗಿಲ್ಲ ಅನ್ನಾಕತ್ತಾರ."

ಮುತ್ಯಾ ನನ್ನನ್ನು ಕೆಕ್ಕರಿಸಿ ನೋಡಿದರು. ಭಾವನವರು ತಲೆ ಎತ್ತಲಿಲ್ಲ. ಡಾಕ್ಟರಮ್ಮ ಬ್ಯಾಟರಿ ಹಚ್ಚಿ ಬಾಯೊಳಗೆ ಬಹಳ ಹೊತ್ತು ನೋಡಿದರು.

"ಇಷ್ಟು ನೋವು ಹೊತ್ಕೊಂಡು ಯಾಕ ಅಡ್ಡಾಡ್ತೀರಿ? ಇದಕ್ಕ ಔಷಧ ಅದ. ಹೇಳಿದ್ರಷ್ಟ ಕೊಡಾಕ ಬರ್ತದ."

ನೋವಿಗೆ ಜೋರು ಔಷಧ ಕೊಟ್ಟರು. ಊಟಕ್ಕೆ ಮುಂಚೆ ಮುಕ್ಕಳಿಸಲು, ಬಾಯಿ ಮರಗಟ್ಟಿಸುವ ಇನ್ನೊಂದು.

ಮನೆಗೆ ಬಂದ ಮೇಲೆ ಭಾವನವರು ಉಳಿದ ರೊಟ್ಟಿಯ ಗಂಟನ್ನು ತಾವೇ ಬಿಗಿದಿಟ್ಟರು. "ಅಂಬಲಿ ತಾರವ್ವ, ನಾ ಆರಸ್ತೀನಿ," ಎಂದು ಬಟ್ಟಲು ಹಿಡಿದು ಊದುತ್ತಾ ಕುಳಿತರು. ಮುತ್ಯಾ ಪೂರ್ತಿ ಕುಡಿದರು.

ಆ ರಾತ್ರಿ ಮುತ್ಯಾ ನನ್ನೊಡನೆ ಮಾತಾಡಲಿಲ್ಲ. ಆದರೆ ಬೆಳಿಗ್ಗೆ ನಾನು ಸೀರೆ ಉಡುವಷ್ಟರಲ್ಲಿ, ರೈಲಿಗೆ ಹೊರಡಲು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.