ಮೋಲ್ಡಿಗೆ ನೀರು ಹಾಕುತ್ತಿದ್ದ ಮುನಿತಾಯಮ್ಮ

ಕೆಂಗೇರಿ ಉಪನಗರದಲ್ಲಿ ಬೀದಿಗೆ ನಾಲ್ಕು ಮನೆ ಏಳುತ್ತಿದ್ದ ಆ ವರ್ಷಗಳಲ್ಲಿ ಮುನಿತಾಯಮ್ಮನಿಗೆ ಇದ್ದದ್ದು ಒಂದೇ ಕೆಲಸ, ಹೊಸ ಕಾಂಕ್ರೀಟಿಗೆ ನೀರು ಕುಡಿಸುವುದು. ಮೋಲ್ಡ್ ಹಾಕಿದ ಮಾರನೆಯ ದಿನದಿಂದ ತಾರಸಿಯ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು, ಕಂಬಗಳಿಗೆ ಗೋಣಿಚೀಲ ಸುತ್ತಿ ನೆನೆಸುತ್ತಿರಬೇಕು. ಎರಡು ವಾರ ಹೀಗೆ ನಡೆದರೆ ಕಾಂಕ್ರೀಟಿಗೆ ಬಲ ಬರುತ್ತದೆ. ನಡುವೆ ಒಣಗಿದರೆ ಬಿರುಕು.

ಬೇರೆ ಹೆಂಗಸರು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ಹಾಕಿ ಸುಮ್ಮನಾಗುತ್ತಿದ್ದರು. ಮುನಿತಾಯಮ್ಮ ಊಟಕ್ಕೆ ಕೂತವಳು ಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಎದ್ದು, ಗೋಣಿ ಮುಟ್ಟಿ ನೋಡಿ ಬರುತ್ತಿದ್ದಳು. ಅದಕ್ಕೂ ನಾಲ್ಕು ವರ್ಷದ ಹಿಂದೆ ಮಹಾಲಕ್ಷ್ಮಿ ಲೇಔಟಿನ ಒಂದು ಮನೆಯಲ್ಲಿ ಅವಳು ಜ್ವರ ಬಂದು ಮೂರು ದಿನ ಮಲಗಿದ್ದಳು. ಆ ಮೂರು ದಿನ ಕಿಟಕಿಯ ಸಜ್ಜಾಕ್ಕೆ ಯಾರೂ ನೀರು ಹಾಕಲಿಲ್ಲ. ಹಲಗೆ ಬಿಚ್ಚಿದ ದಿನ ಸಜ್ಜಾ ಮುರಿದು ಜೊತೆಗಾತಿ ಚಿಕ್ಕಗಂಗಮ್ಮನ ಕಾಲಿನ ಮೇಲೆ ಬಿತ್ತು. ಕಂಬಿ ಕಟ್ಟಿದ ರೀತಿಯೇ ತಪ್ಪು ಎಂದು ಅಲ್ಲಿನ ಮೇಸ್ತ್ರಿಯೇ ಒಪ್ಪಿಕೊಂಡ. ಚಿಕ್ಕಗಂಗಮ್ಮನೂ "ನಿಂದೇನಿದೆ ಬಿಡೇ ಇದ್ರಲ್ಲಿ" ಅಂದಳು. ಆದರೆ ಮುನಿತಾಯಮ್ಮನಿಗೆ ಅಂದಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಎಂಬತ್ತೈದರ ಬೇಸಿಗೆಯಲ್ಲಿ ಅವಳು ಗುರುಸಿದ್ದಯ್ಯನವರ ಮನೆಯ ಕೆಲಸಕ್ಕೆ ಸೇರಿದಳು. ಅವರು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ಗೋಡೆ ಮುಗಿದು ತಾರಸಿ ಹಾಕಬೇಕು ಅನ್ನುವಾಗ ಆ ಬೀದಿಯ ಬೋರ್‌ವೆಲ್ ಕೈಕೊಟ್ಟಿತು. ಟ್ಯಾಂಕರ್ ವಾರಕ್ಕೊಮ್ಮೆ ಬಂದರೆ ಬಂತು.

ಒಂದು ಬೆಳಿಗ್ಗೆ ಗುರುಸಿದ್ದಯ್ಯ ಇಟ್ಟಿಗೆಯನ್ನು ಜಲ್ಲಿಯಂತೆ ಒಡೆಸಿ ಡ್ರಮ್ಮಿನಲ್ಲಿ ನೆನೆಹಾಕಿದರು. "ಕಲ್ಲುಜಲ್ಲಿಯಲ್ಲಿ ಸ್ವಲ್ಪ ತೆಗೆದು ಇದನ್ನ ಸೇರಿಸೋಣ. ಇಟ್ಟಿಗೆ ಕುಡಿದ ನೀರನ್ನ ಕಾಂಕ್ರೀಟು ಒಳಗಿಂದಾನೇ ನಿಧಾನವಾಗಿ ಎಳ್ಕೊಳ್ಳುತ್ತೆ. ಮೇಲಿಂದ ಅಷ್ಟು ಸುರಿಯೋದು ಬೇಕಾಗಲ್ಲ" ಅಂದರು.

ಮೇಸ್ತ್ರಿ ಕೆಂಚಪ್ಪ ತಲೆ ಕೆರೆದುಕೊಂಡ. ಮುನಿತಾಯಮ್ಮ ಡ್ರಮ್ಮಿನ ಹತ್ತಿರ ಬಂದು ಬಗ್ಗಿ ನೋಡಿದಳು. ನೀರೇ ಬೇಡವಾದರೆ ತಾನು ಯಾರಿಗೆ ಬೇಕು?

ಒಂದು ಗಂಟೆ ಕಳೆದ ಮೇಲೆ ಗುರುಸಿದ್ದಯ್ಯ ಇಟ್ಟಿಗೆಚೂರು ತೆಗೆಯಲು ಹೊರಟಾಗ ಅವಳಿಗೆ ತಡೆಯಲಾಗಲಿಲ್ಲ.

"ಇನ್ನೂ ಗುಳ್ಳೆ ಬರ್ತಾ ಐತೆ ಸಾಮಿ. ಹೊಟ್ಟೆ ತುಂಬಿಲ್ಲ ಅದಕ್ಕೆ."

"ನಿಮಗೆ ಹೇಗೆ ಗೊತ್ತಮ್ಮ?"

"ನಮ್ಮವ್ವ ಗಾರೆ ತಾರಸಿ ಬಡಿಯೋಳು. ಸುಣ್ಣ, ಇಟ್ಟಿಗೆಚೂರು ಸೇರಿಸಿ ಬಡಿಯೋರು. ಹಿಂದಿನ ದಿನಾನೇ ನೆನೆಹಾಕಿ, ಬೆಳಿಗ್ಗೆ ಜರಡಿ ಮೇಲೆ ಹಾಕಿ, ಮೇಲಿನ ನೀರಿನ ಹೊಳಪು ಹೋದ್ಮೇಲೇನೇ ಕಲಸೋರು."

ಗುರುಸಿದ್ದಯ್ಯ ಹಾಗೆಯೇ ಮಾಡಿದರು. ತಾರಸಿಗೆ ಮೊದಲು ಪರೀಕ್ಷೆಗೆಂದು ಅಂಗಳದಲ್ಲಿ ಎರಡು ಚಪ್ಪಡಿ ಹಾಕಿಸಿದರು, ಒಂದು ಇಟ್ಟಿಗೆ ಸೇರಿಸಿದ್ದು, ಒಂದು ಸೇರಿಸದ್ದು. ಹತ್ತು ದಿನ ಎರಡಕ್ಕೂ ಯಾರೂ ಒಂದು ಹನಿ ನೀರು ಹಾಕಕೂಡದು ಎಂದರು.

ಆ ಹತ್ತು ದಿನ ಮುನಿತಾಯಮ್ಮನಿಗೆ ಸಾಕುಸಾಕಾಯಿತು. ನೀರಿನ ಕೆಲಸವಿಲ್ಲದೆ ಮರಳು ಜರಡಿ ಹಿಡಿಯುವಾಗಲೂ ಕಣ್ಣು ಅಂಗಳದ ಕಡೆಗೇ. ನಾಲ್ಕನೆಯ ದಿನ ಮಧ್ಯಾಹ್ನ ಇಟ್ಟಿಗೆಯಿಲ್ಲದ ಚಪ್ಪಡಿ ಬಿಸಿಲಿಗೆ ಬೆಳ್ಳಗೆ ತಿರುಗಿತ್ತು. ಯಾರೂ ಇಲ್ಲದ್ದು ನೋಡಿ ಎರಡು ಕೊಡ ನೀರು ಸುರಿದು ಗೋಣಿ ಹೊದಿಸಿ, ಸಂಜೆ ತೆಗೆದಳು. ಮಾರನೆಯ ದಿನವೂ ಹಾಗೆಯೇ. ಆಮೇಲೆ ಬಿಡಲಾಗಲಿಲ್ಲ.

ಹತ್ತನೆಯ ದಿನ ಗುರುಸಿದ್ದಯ್ಯ ಬಗ್ಗಿ ಬಗ್ಗಿ ನೋಡಿದರು. ಎರಡರಲ್ಲೂ ಬಿರುಕಿಲ್ಲ.

"ಇಟ್ಟಿಗೆ ಹಾಕಿದ್ರೂ ಒಂದೇ, ಬಿಟ್ರೂ ಒಂದೇ ಅಂತಾಯ್ತು ಕೆಂಚಪ್ಪ. ಬೇಡ, ಮಾಮೂಲಾಗೇ ಹಾಕಿಬಿಡಿ" ಅಂದರು. ಅವರ ಮುಖ ಸಪ್ಪಗಿತ್ತು.

ಮುನಿತಾಯಮ್ಮ ಚೀಲ ಎತ್ತಿಕೊಂಡು ಮನೆಗೆ ಹೊರಟಳು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತದೆ. ಆದರೆ ಕುಡಿಸಲು ನೀರೆಲ್ಲಿದೆ? ಇಡೀ ತಾರಸಿ ಒಣಗಿದರೆ ಅದರ ಕೆಳಗೆ ಈ ಮನುಷ್ಯನ ಹೆಂಡತಿ ಮಕ್ಕಳು ಮಲಗಬೇಕು. ಮೈಸೂರು ರಸ್ತೆಯವರೆಗೆ ಹೋದವಳು ಬಸ್ಸು ಬಂದರೂ ಹತ್ತದೆ ತಿರುಗಿ ಬಂದಳು.

"ಸಾಮಿ, ಆ ಬರೀ ಕಲ್ಲುಜಲ್ಲೀದಕ್ಕೆ ನಾನು ನೀರು ಹಾಕ್ತಿದ್ದೆ" ಅಂದಳು.

ಕೆಂಚಪ್ಪ ರೇಗಿದ. "ಏನ್ ಮುನಿತಾಯಕ್ಕ ಇದು, ಹೇಳಿದ್ ಮಾತು ಕೇಳೋದಲ್ವಾ?"

ಗುರುಸಿದ್ದಯ್ಯ ರೇಗಲಿಲ್ಲ. "ಎಷ್ಟು ಕೊಡ? ಯಾವತ್ತಿಂದ?" ಎಂದು ಕೇಳಿ ಬರೆದುಕೊಂಡರು. ಬಳಿಕ ನಕ್ಕರು. "ಹಾಗಾದ್ರೆ ಇಟ್ಟಿಗೆಯದು ನೀರಿಲ್ದೇನೇ ನಿಮ್ಮ ಚಪ್ಪಡಿಗೆ ಸರಿಸಮ ನಿಂತಿದೆ. ಇನ್ನೊಂದು ಸಲ ಮಾಡೋಣ."

"ಹಂಗಾದ್ರೆ ನನ್ನ ಇಲ್ಲಿಂದ ಕಳಿಸ್ಬಿಡಿ. ಕಣ್ಮುಂದೆ ಇದ್ರೆ ಮತ್ತೆ ಹಾಕ್ಬಿಡ್ತೀನಿ."

ಕೆಂಚಪ್ಪ ಅವಳನ್ನು ವಿಜಯನಗರದ ಇನ್ನೊಂದು ಕೆಲಸಕ್ಕೆ ಕಳಿಸಿದ. ಅಲ್ಲಿಯೂ ಅವಳಿಗೆ ಕೆಂಗೇರಿಯದೇ ಧ್ಯಾನ. ಹತ್ತು ದಿನ ಕಳೆದು ಓಡಿಬಂದು ನೋಡಿದರೆ, ಹೊಸದಾಗಿ ಹಾಕಿದ ಬರೀ ಜಲ್ಲಿಯ ಚಪ್ಪಡಿಯಲ್ಲಿ ನೂಲಿನಂಥ ಬಿರುಕು ಅಡ್ಡಡ್ಡ ಹರಿದಿತ್ತು. ಇಟ್ಟಿಗೆಯದರಲ್ಲಿ ಮೂಲೆಯಲ್ಲಿ ಒಂದೇ ಒಂದು. ಬಲ ಅಳೆಯಲೆಂದು ಚಪ್ಪಡಿಗಳ ಜೊತೆಗೇ ಎರಕ ಹಾಕಿದ್ದ ಕಾಂಕ್ರೀಟ್ ಗಟ್ಟಿಗಳನ್ನು ತಿಂಗಳಾದ ಮೇಲೆ ಕಾಲೇಜಿನ ಯಂತ್ರದಲ್ಲಿ ಒತ್ತಿ ಒಡೆದರು. ಇಟ್ಟಿಗೆಯದು, ಬರೀ ಜಲ್ಲಿಯದನ್ನು ಒಣಗಲು ಬಿಟ್ಟದ್ದಕ್ಕಿಂತ ಗಟ್ಟಿ, ಚೆನ್ನಾಗಿ ನೀರು ಕುಡಿಸಿದ್ದಕ್ಕಿಂತ ಸ್ವಲ್ಪ ಕಡಿಮೆ.

"ಎರಡೂ ಬೇಕು. ಒಳಗೆ ನೆನೆದ ಇಟ್ಟಿಗೆ, ಮೇಲೆ ಒದ್ದೆ ಗೋಣಿ. ನೀರು ಇದ್ದಷ್ಟರಲ್ಲೇ ನೀವು ಹೇಗೆ ತೂಗಿಸ್ತೀರೋ ನೋಡಿ" ಅಂದರು ಗುರುಸಿದ್ದಯ್ಯ.

ಕೆಂಚಪ್ಪ ಇಟ್ಟಿಗೆ ಸೇರಿಸಿಯೇ ತಾರಸಿ ಹಾಕಿಸಿದ. ಮುನಿತಾಯಮ್ಮ ಮೂರು ಡ್ರಮ್ ನೀರಿನಲ್ಲಿ ಅದನ್ನು ಎರಡು ವಾರ ಕಾಪಾಡಿದಳು. ಗೋಣಿಯ ಮೇಲೆ ಹುಲ್ಲು ಹರಡಿ, ಗಾಳಿ ಎತ್ತದಂತೆ ಹಲಗೆ ಹೇರಿ, ಚೊಂಬಿನಲ್ಲಿ ಚಿಮುಕಿಸಿದಳು. ಆಸರೆಯ ಕಂಬ ಬಿಚ್ಚಿದ ದಿನ ಗುರುಸಿದ್ದಯ್ಯನವರ ಹೆಂಡತಿ ಒಳಗೆ ಕರೆದು ಕಾಫಿ ಕೊಟ್ಟರು. ಅವಳು ಲೋಟ ಕೈಯಲ್ಲಿ ಹಿಡಿದೇ ತಲೆಯೆತ್ತಿ ತಾರಸಿಯನ್ನೇ ನೋಡುತ್ತ ಕೋಣೆಯಿಂದ ಕೋಣೆಗೆ ನಡೆದಳು. ಎಲ್ಲೂ ಬಿರುಕು ಕಾಣಲಿಲ್ಲ.

ಸುದ್ದಿ ನಾಲ್ಕಾರು ಮೇಸ್ತ್ರಿಗಳಿಗೆ ತಿಳಿಯಿತು. ಜ್ಞಾನಭಾರತಿ ಕಡೆಯಿಂದ ಒಬ್ಬ ಹುಡುಕಿಕೊಂಡು ಬಂದು, ತಮ್ಮಲ್ಲೂ ನೀರಿಲ್ಲ, ಬಂದು ತೋರಿಸಿಕೊಡಮ್ಮ ಎಂದು ಕರೆದ. ಆಗಲೇ ಹೊರಟಳು. ಅಲ್ಲಿ ಮೊದಲು ಇಟ್ಟಿಗೆ ರಾಶಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಸುಟ್ಟು ಕರಿಯಾದವನ್ನು ಒಂದೊಂದಾಗಿ ಪಕ್ಕಕ್ಕೆ ಎಸೆಯತೊಡಗಿದಳು. "ಇವು ನೀರು ಕುಡಿಯಲ್ಲ ಕಣಣ್ಣ, ಬೇರೆ ತರ್ಸು."